ಒಂದೇ ಹೆಸರು, ಹಲವು ಬಗೆಯ ಪುಸ್ತಕ: ಸ್ಟೀಫನ್ ಜೇ ಗೂಲ್ಡ್ ಅವರನ್ನು ಇವತ್ತು ಓದುವುದು ಹೇಗೆ?

ವಿಜ್ಞಾನದ ಬರಹವೊಂದರಲ್ಲಿ ತಪ್ಪಿದೆ ಎಂದು ಗೊತ್ತಾದರೆ ಏನು ಮಾಡಬೇಕು? ಅದು ಸಂಶೋಧನಾ ಪತ್ರಿಕೆಯ ಲೇಖನವಾಗಿದ್ದರೆ ಅದಕ್ಕೊಂದು ದಾರಿ ಇದೆ. ತಿದ್ದುಪಡಿ ಅಚ್ಚಾಗುತ್ತದೆ. ತಪ್ಪು ತೀರಾ ದೊಡ್ಡದಾದರೆ ಲೇಖನವನ್ನೇ ಹಿಂದಕ್ಕೆ ಪಡೆಯುತ್ತಾರೆ. ಜನಸಾಮಾನ್ಯರು ಓದುವ ಪುಸ್ತಕಕ್ಕೆ ಇಂಥ ದಾರಿ ಇಲ್ಲ. ಲೇಖಕ ತೀರಿಕೊಂಡ ಮೇಲಂತೂ ಆ ಪುಟಗಳು ಹಾಗೇ ಮರುಮುದ್ರಣ ಆಗುತ್ತಾ ಹೋಗುತ್ತವೆ. ಹೊಸ ಓದುಗರು ಅವನ್ನು ಇವತ್ತಿನ ಮಾತೆಂದೇ ನಂಬಿ ಓದುತ್ತಾರೆ.

ಈ ಸಮಸ್ಯೆ ಅಮೆರಿಕದ ಪಳೆಯುಳಿಕೆ ವಿಜ್ಞಾನಿ ಸ್ಟೀಫನ್ ಜೇ ಗೂಲ್ಡ್ ಅವರ ವಿಷಯದಲ್ಲಿ ಎದ್ದು ಕಾಣುವಷ್ಟು ಇನ್ನೊಬ್ಬರಲ್ಲಿ ಕಾಣುವುದಿಲ್ಲ. ಅವರು ಹುಟ್ಟಿದ್ದು 1941ರಲ್ಲಿ ನ್ಯೂಯಾರ್ಕ್‌ನಲ್ಲಿ, ತೀರಿಕೊಂಡದ್ದು 2002ರ ಮೇ ತಿಂಗಳಲ್ಲಿ. 1967ರಿಂದ ಹಾರ್ವರ್ಡ್‌ನಲ್ಲಿ ಪಾಠ ಮಾಡಿದರು. ಅವರು ಬರೆದದ್ದರ ಪ್ರಮಾಣ ನೋಡಿದರೆ ದಿಗಿಲಾಗುತ್ತದೆ. ಅವರು ತೀರಿಕೊಂಡ ವರ್ಷವೇ ಮೈಕೆಲ್ ಶೆರ್ಮರ್ ಎಂಬ ಲೇಖಕರು ಲೆಕ್ಕ ಹಾಕಿದಾಗ 22 ಪುಸ್ತಕ, 479 ಸಂಶೋಧನಾ ಲೇಖನ, 300 ಅಂಕಣ ಬರಹ ಸಿಕ್ಕಿದವು. ಆ 300 ಅಂಕಣಗಳು 'ನ್ಯಾಚುರಲ್ ಹಿಸ್ಟರಿ' ಪತ್ರಿಕೆಯಲ್ಲಿ 1974ರ ಜನವರಿಯಿಂದ 2001ರ ಜನವರಿವರೆಗೆ ಬಂದವು. ಮಧ್ಯೆ ಕ್ಯಾನ್ಸರ್ ಬಂತು, ಅಂಕಣ ಮಾತ್ರ ನಿಲ್ಲಲಿಲ್ಲ.

ಇನ್ನು ವಿಷಯಗಳ ಹರವು. ಬಸವನಹುಳು, ಪಾಂಡಾ, ಡೈನೋಸಾರ್, ಬುದ್ಧಿಮಟ್ಟದ ಪರೀಕ್ಷೆ, ಬೇಸ್‌ಬಾಲ್, ಭೂವಿಜ್ಞಾನದ ಇತಿಹಾಸ, ಧರ್ಮ ಮತ್ತು ವಿಜ್ಞಾನದ ಸಂಬಂಧ, ಹೊಸ ಸಹಸ್ರಮಾನ ಶುರುವಾಗುವುದು 2000ದಲ್ಲೋ 2001ರಲ್ಲೋ ಎಂಬ ಚರ್ಚೆ. ಎಲ್ಲದರ ಮುಖಪುಟದ ಮೇಲೂ ಅದೇ ಹೆಸರು. ನನ್ನ ಮಾತು ಇಷ್ಟೇ: ಹೆಸರು ಒಂದೇ ಆದರೂ ಎಲ್ಲ ಪುಸ್ತಕಗಳನ್ನೂ ಒಂದೇ ಅಳತೆಯಲ್ಲಿ ನಂಬಲು ಆಗುವುದಿಲ್ಲ. ಯಾವುದು ಅವರು ಸ್ವತಃ ದುಡಿದ ನೆಲದಿಂದ ಬಂದದ್ದು, ಯಾವುದು ಬೇರೆಯವರ ದುಡಿಮೆಯ ಮೇಲೆ ಕಟ್ಟಿದ್ದು ಎಂದು ನೋಡಬೇಕು. ಹಾಗೆ ನೋಡಿ ಓದಿದರೆ ಅವರ ಮೇಲಿನ ಗೌರವ ಕಡಿಮೆಯಾಗುವುದಿಲ್ಲ. ನನಗಂತೂ ಜಾಸ್ತಿಯಾಗಿದೆ.

ಮೊದಲು ಅವರ ಸ್ವಂತ ನೆಲ. ಗೂಲ್ಡ್ ಅಂದರೆ ಡೈನೋಸಾರ್ ಎಂದು ಅನೇಕರು ತಿಳಿದಿದ್ದಾರೆ. ಐದು ವರ್ಷದವರಿದ್ದಾಗ ಅಪ್ಪನ ಜೊತೆ ನ್ಯೂಯಾರ್ಕ್‌ನ ಮ್ಯೂಸಿಯಂಗೆ ಹೋಗಿ ಟೈರನೋಸಾರಸ್‌ನ ಅಸ್ಥಿಪಂಜರ ನೋಡಿ ಬೆರಗಾದದ್ದು ನಿಜ. ಆದರೆ ಅವರ ವೃತ್ತಿಯ ಕೆಲಸ ಬಸವನಹುಳುಗಳ ಮೇಲೆ. ಪಿಎಚ್‌ಡಿ ಮಾಡಿದ್ದು ಬರ್ಮುಡಾ ದ್ವೀಪದ ಪಳೆಯುಳಿಕೆ ಬಸವನಹುಳುಗಳ ಮೇಲೆ. ಆಮೇಲೆ ಬಹಾಮಾಸ್ ದ್ವೀಪಗಳ ಸೀರಿಯಾನ್ ಎಂಬ ಹುಳುವಿನ ಚಿಪ್ಪುಗಳನ್ನು ಬಹಳ ವರ್ಷ ಅಳೆದರು. ಒಂದು ಜೀವಿ ಬೆಳೆಯುತ್ತಾ ಹೋದಂತೆ ಅದರ ಆಕಾರ ಹೇಗೆ ಬದಲಾಗುತ್ತದೆ ಎಂಬುದು ಅವರ ಮೂಲ ಪ್ರಶ್ನೆ.

1977ರಲ್ಲಿ ಬಂದ 'ಆಂಟೊಜೆನಿ ಅಂಡ್ ಫೈಲೊಜೆನಿ' ಈ ಪ್ರಶ್ನೆಯ ಮೇಲೆಯೇ ಬರೆದ ದಪ್ಪನೆಯ ಪಂಡಿತರ ಪುಸ್ತಕ. ಮರಿಯ ಲಕ್ಷಣಗಳು ದೊಡ್ಡದಾದ ಮೇಲೂ ಉಳಿದುಬಿಟ್ಟರೆ ಹೊಸ ಬಗೆಯ ಜೀವಿ ಹುಟ್ಟಬಹುದು ಎಂಬ ವಿಚಾರ ಅದರಲ್ಲಿದೆ. ಸ್ವಲ್ಪ ಕಾಲಕ್ಕೇ ಅವರು ಇದನ್ನೇ ಮಿಕ್ಕಿ ಮೌಸ್ ಮೂಲಕ ಸಾಮಾನ್ಯ ಓದುಗರಿಗೆ ಹೇಳಿದರು. ಡಿಸ್ನಿಯ ಆ ಇಲಿಯ ಚಿತ್ರಗಳನ್ನು ಐದು ದಶಕಗಳ ಉದ್ದಕ್ಕೂ ಸ್ಕೇಲು ಹಿಡಿದು ಅಳೆದರು. ತಲೆಗೆ ಹೋಲಿಸಿದರೆ ಕಣ್ಣಿನ ಅಳತೆ ಶೇಕಡ 27ರಿಂದ 42ಕ್ಕೆ ಏರಿತ್ತು. ಮಿಕ್ಕಿ ವರ್ಷ ಕಳೆದಂತೆ ಮಗುವಾಗುತ್ತಾ ಹೋಗಿದ್ದ! ದೊಡ್ಡ ಕಣ್ಣು, ದುಂಡು ತಲೆ ಕಂಡರೆ ನಮಗೆ ಮುದ್ದು ಬರುತ್ತದೆ, ಅದನ್ನು ಚಿತ್ರಕಾರರು ಗೊತ್ತಿಲ್ಲದೆಯೇ ಹಿಡಿದುಕೊಂಡಿದ್ದರು. ಕಠಿಣ ಪುಸ್ತಕ, ಹಗುರ ಪ್ರಬಂಧ ಎರಡೂ ಒಂದೇ ತಲೆಯಿಂದ, ಒಂದೇ ಬಗೆಯ ಅಳತೆಯಿಂದ ಬಂದವು. ಗೂಲ್ಡ್ ಅವರ ಅತ್ಯುತ್ತಮ ಬರಹ ಇರುವುದು ಇಂಥ ಕಡೆ.

1980ರ 'ದಿ ಪಾಂಡಾಸ್ ಥಂಬ್' ಸಂಕಲನಕ್ಕೆ ಹೆಸರು ಕೊಟ್ಟ ಪ್ರಬಂಧವೂ ಅಂಥದ್ದೇ. ಪಾಂಡಾ ಬಿದಿರನ್ನು ಹಿಡಿದು ಎಲೆ ಸವರುವುದು ಒಂದು ಹೆಬ್ಬೆರಳಿನಿಂದ. ಎಣಿಸಿ ನೋಡಿದರೆ ಅದು ಆರನೆಯ ಬೆರಳು. ನಿಜಕ್ಕೂ ಅದು ಬೆರಳೇ ಅಲ್ಲ, ಮಣಿಕಟ್ಟಿನ ಒಂದು ಸಣ್ಣ ಮೂಳೆ ಉದ್ದವಾಗಿ ಬೆಳೆದದ್ದು. ಯಾರಾದರೂ ಕುಳಿತು ಯೋಚಿಸಿ ವಿನ್ಯಾಸ ಮಾಡಿದ್ದರೆ ಹೀಗೆ ಮಾಡುತ್ತಿರಲಿಲ್ಲ. ಅಚ್ಚುಕಟ್ಟಾದ ಅಂಗಕ್ಕಿಂತ ಇಂಥ ಒಡ್ಡೊಡ್ಡು ಅಂಗಗಳೇ ವಿಕಾಸಕ್ಕೆ ಒಳ್ಳೆಯ ಸಾಕ್ಷಿ ಎಂದರು ಗೂಲ್ಡ್. ಇಷ್ಟು ಸರಳವಾಗಿ ಇಷ್ಟು ದೊಡ್ಡ ಮಾತನ್ನು ಹೇಳಿದವರು ಕಡಿಮೆ.

ಬೇಸ್‌ಬಾಲ್‌ಗೂ ಬಸವನಹುಳುವಿಗೂ ಏನು ಸಂಬಂಧ ಅನ್ನಿಸಬಹುದು ಅಲ್ವಾ? ಸಂಬಂಧ ಇದೆ. ಇದನ್ನು ಹಿಡಿದರೆ ಅವರ ಚೆಲ್ಲಾಪಿಲ್ಲಿ ಕಾಣುವ ಪುಸ್ತಕಗಳ ನಡುವೆ ಒಂದು ಎಳೆ ಸಿಗುತ್ತದೆ.

ಅಮೆರಿಕದ ಬೇಸ್‌ಬಾಲ್‌ನ ಅಮೆರಿಕನ್ ಮತ್ತು ನ್ಯಾಷನಲ್ ಲೀಗ್‌ಗಳಲ್ಲಿ 1941ರಲ್ಲಿ ಟೆಡ್ ವಿಲಿಯಮ್ಸ್ 0.406 ಸರಾಸರಿ ಗಳಿಸಿದರು, ಅಂದರೆ ಸಾವಿರ ಅವಕಾಶಕ್ಕೆ 406 ಯಶಸ್ವಿ ಹೊಡೆತದ ಲೆಕ್ಕ. ಅದಾದ ಮೇಲೆ ಆ ಲೀಗ್‌ಗಳ ಪೂರ್ತಿ ಸೀಸನ್‌ನಲ್ಲಿ 0.400 ಮುಟ್ಟಿದವರು ಯಾರೂ ಇಲ್ಲ. 'ಹಿಂದಿನವರಂಥ ಆಟಗಾರರು ಈಗ ಎಲ್ಲಿ' ಎಂದು ಹಳಬರು ಕೊರಗುತ್ತಿದ್ದರು. ನಮ್ಮ ಕಡೆ ಬ್ರಾಡ್ಮನ್ ಅವರ 99.94ರ ಬಗ್ಗೆಯೂ ಇದೇ ಮಾತು ಕೇಳುತ್ತೇವೆ. ಗೂಲ್ಡ್ 1996ರ 'ಫುಲ್ ಹೌಸ್'ನಲ್ಲಿ ಇದನ್ನು ತಲೆಕೆಳಗು ಮಾಡಿದರು. ಎಲ್ಲ ಆಟಗಾರರ ಒಟ್ಟು ಸರಾಸರಿ 0.260ರ ಆಸುಪಾಸಿನಲ್ಲೇ ನಿಂತಿದೆ. ಬದಲಾದದ್ದು ಅತಿ ಒಳ್ಳೆಯವರು ಮತ್ತು ಅತಿ ಕಳಪೆಯವರ ನಡುವಿನ ಅಂತರ. ಚೆಂಡೆಸೆಯುವವರು, ಹಿಡಿಯುವವರು, ಹೊಡೆಯುವವರು ಎಲ್ಲರೂ ಸುಧಾರಿಸಿದರು. ಹಾಗಾಗಿ ಅಂತರ ಕಿರಿದಾಯಿತು. ತುದಿಯ 0.400 ತಾನಾಗಿ ಮಾಯವಾಯಿತು. ಆಟ ಕೆಟ್ಟದ್ದರಿಂದ ಅಲ್ಲ, ಸುಧಾರಿಸಿದ್ದರಿಂದಲೇ ಆ ಅಂಕಿ ಹೋಯಿತು.

ಅದೇ ಪುಸ್ತಕದಲ್ಲಿ ಇದೇ ತರ್ಕವನ್ನು ಇಡೀ ಜೀವಲೋಕಕ್ಕೆ ಹಚ್ಚುತ್ತಾರೆ. ಜೀವ ವಿಕಾಸ ಅಂದರೆ ಮೇಲೆ ಮೇಲೆ ಏರುವ ಮೆಟ್ಟಿಲು, ತುದಿಯಲ್ಲಿ ಮನುಷ್ಯ ಎಂದು ನಾವು ಚಿತ್ರ ಬರೆಯುತ್ತೇವೆ. ಆದರೆ ಭೂಮಿಯ ಬಹುಪಾಲು ಜೀವಿಗಳು ಇವತ್ತಿಗೂ ಬ್ಯಾಕ್ಟೀರಿಯಾಗಳೇ. ತೀರಾ ಸರಳವಾದದ್ದರಿಂದ ಶುರುವಾದ ಮೇಲೆ ಅದಕ್ಕಿಂತ ಸರಳವಾಗಲು ಜಾಗವಿಲ್ಲ. ಹರಡಿಕೊಳ್ಳಲು ಇರುವುದು ಜಟಿಲತೆಯ ಕಡೆ ಮಾತ್ರ. ಆ ಹರವಿನ ಬಾಲದ ತುದಿಯಲ್ಲಿ ನಾವಿದ್ದೇವೆ.

ಈ ಎಳೆ ಅವರ ಬದುಕನ್ನೂ ಮುಟ್ಟಿತು. 1982ರಲ್ಲಿ ಅವರಿಗೆ ಹೊಟ್ಟೆಯ ಮೆಸೊಥೀಲಿಯೋಮಾ ಎಂಬ ಅಪರೂಪದ ಕ್ಯಾನ್ಸರ್ ಇರುವುದು ಗೊತ್ತಾಯಿತು. ಪತ್ತೆಯಾದ ಮೇಲೆ ಅರ್ಧದಷ್ಟು ರೋಗಿಗಳು ಎಂಟು ತಿಂಗಳೊಳಗೆ ಸಾಯುತ್ತಾರೆ ಎಂದು ವೈದ್ಯಕೀಯ ಬರಹಗಳು ಹೇಳುತ್ತಿದ್ದವು. ಗೂಲ್ಡ್ ಕೇಳಿಕೊಂಡದ್ದು ಉಳಿದ ಅರ್ಧ ಜನರ ಕಥೆ ಏನು ಎಂದು. ಎಂಟು ತಿಂಗಳ ಆಚೆ ಹರಡಿರುವ ಬಾಲ ಎಷ್ಟೋ ವರ್ಷ ಉದ್ದವಿರಬಹುದು. ವಯಸ್ಸು ಚಿಕ್ಕದು, ರೋಗ ಬೇಗ ಪತ್ತೆಯಾಗಿದೆ, ಹೊಸ ಚಿಕಿತ್ಸೆ ಸಿಗುತ್ತಿದೆ, ಹಾಗಾಗಿ ತಾನು ಆ ಬಾಲದಲ್ಲಿ ಇರುವ ಸಾಧ್ಯತೆ ಇದೆ ಎಂದು ಲೆಕ್ಕ ಹಾಕಿದರು. 1985ರಲ್ಲಿ ಅದನ್ನೇ ಒಂದು ಪುಟ್ಟ ಪ್ರಬಂಧವಾಗಿ ಬರೆದರು. ಮುಂದೆ 20 ವರ್ಷ ಬದುಕಿದರು. ಕೊನೆಗೆ ತೀರಿಕೊಂಡದ್ದು ಬೇರೊಂದು ಕ್ಯಾನ್ಸರ್‌ನಿಂದ. ಆ ಪ್ರಬಂಧವನ್ನು ಇವತ್ತಿಗೂ ಕ್ಯಾನ್ಸರ್ ರೋಗಿಗಳು ಹುಡುಕಿ ಓದುತ್ತಾರೆ. ಸರಾಸರಿ ನಮ್ಮ ಲೆಕ್ಕದ ಅನುಕೂಲಕ್ಕೆ ಇರುವುದು, ಲೋಕದಲ್ಲಿ ನಿಜವಾಗಿ ಇರುವುದು ಹರವು. ಇದೇ ಅವರ ಎಲ್ಲ ಪುಸ್ತಕಗಳ ಒಳಗಿನ ಎಳೆ.

ಈಗ ಕಷ್ಟದ ಪುಸ್ತಕಕ್ಕೆ ಬರೋಣ. 1981ರ 'ದಿ ಮಿಸ್‌ಮೆಷರ್ ಆಫ್ ಮ್ಯಾನ್'.

ಮನುಷ್ಯರ ಬುದ್ಧಿಯನ್ನು ಒಂದೇ ಅಂಕಿಗೆ ಇಳಿಸಿ, ಜನಾಂಗಗಳನ್ನು ಮೇಲು ಕೀಳು ಎಂದು ಜೋಡಿಸಿದ ವಿಜ್ಞಾನಿಗಳ ಇತಿಹಾಸ ಇದರಲ್ಲಿದೆ. ಗೂಲ್ಡ್ ಅವರ ಪುಸ್ತಕಗಳಲ್ಲಿ ಅತಿ ಹೆಚ್ಚು ಚರ್ಚೆಯಾದವುಗಳಲ್ಲಿ ಇದೂ ಒಂದು. ಇದರ ಒಂದು ಭಾಗ ಫಿಲಡೆಲ್ಫಿಯಾದ ವೈದ್ಯ ಸ್ಯಾಮುಯೆಲ್ ಮಾರ್ಟನ್ ಬಗ್ಗೆ. 19ನೇ ಶತಮಾನದ ಮೊದಲ ಅರ್ಧದಲ್ಲಿ ಮಾರ್ಟನ್ ಲೋಕದ ನಾನಾ ಕಡೆಯಿಂದ ನೂರಾರು ತಲೆಬುರುಡೆ ತರಿಸಿಕೊಂಡರು. ಮೊದಲು ಬುರುಡೆಯೊಳಗೆ ಬೀಜ ತುಂಬಿ, ಆಮೇಲೆ ಸೀಸದ ಸಣ್ಣ ಗುಂಡು ತುಂಬಿ, ಮಿದುಳಿನ ಗಾತ್ರ ಅಳೆದರು. ಬಿಳಿಯರದ್ದು ದೊಡ್ಡದು, ಕಪ್ಪು ಜನರದ್ದು ಚಿಕ್ಕದು ಎಂಬ ಪಟ್ಟಿ ಹೊರಬಂತು.

ಗೂಲ್ಡ್ ಆ ಪಟ್ಟಿಗಳನ್ನು ಮತ್ತೆ ಲೆಕ್ಕ ಹಾಕಿದರು. ಬೀಜದ ಅಳತೆಗೂ ಗುಂಡಿನ ಅಳತೆಗೂ ಇರುವ ವ್ಯತ್ಯಾಸ ಎಲ್ಲ ಜನಾಂಗಗಳಿಗೂ ಒಂದೇ ತೆರನಾಗಿ ಇರಲಿಲ್ಲ. ಬೀಜ ಹಗುರ, ಅದನ್ನು ಒತ್ತಿ ತುಂಬಬಹುದು. ಮಾರ್ಟನ್ ತಮಗೆ ಅರಿವಿಲ್ಲದೆಯೇ ಬಿಳಿಯರ ಬುರುಡೆಗೆ ಹೆಚ್ಚು ಒತ್ತಿ ತುಂಬಿರಬಹುದು ಎಂದರು ಗೂಲ್ಡ್. ಪ್ರಾಮಾಣಿಕ ವಿಜ್ಞಾನಿಯ ಬೆರಳನ್ನೂ ಪೂರ್ವಾಗ್ರಹ ತಳ್ಳಬಲ್ಲದು ಎಂಬ ಈ ಕಥೆ ಪಾಠದ ಕೋಣೆಗಳಿಗೆಲ್ಲ ಹೋಯಿತು. ಆದರೆ ಒಂದು ಬುರುಡೆಯನ್ನೂ ಗೂಲ್ಡ್ ಸ್ವತಃ ಅಳೆಯಲಿಲ್ಲ. ಬಸವನಹುಳುವಿನ ಚಿಪ್ಪುಗಳನ್ನು ಅಷ್ಟು ತಾಳ್ಮೆಯಿಂದ ಅಳೆದವರು ಇಲ್ಲಿ ಕಾಗದದ ಮೇಲಿನ ಅಂಕಿಗಳನ್ನಷ್ಟೇ ನೆಚ್ಚಿಕೊಂಡರು.

2011ರಲ್ಲಿ ಜೇಸನ್ ಲೂಯಿಸ್ ಮತ್ತು ಸಂಗಡಿಗರು ಸಂಗ್ರಹದ ಸುಮಾರು ಅರ್ಧದಷ್ಟು ಬುರುಡೆಗಳನ್ನು ಮತ್ತೆ ಅಳೆದರು. ಮಾರ್ಟನ್ ಅವರ ಗುಂಡಿನ ಅಳತೆಗಳು ಬಹುಮಟ್ಟಿಗೆ ಸರಿ ಇದ್ದವು. ಇದ್ದ ಕೆಲವು ತಪ್ಪುಗಳೂ ಬಿಳಿಯರ ಪರ ವಾಲಿರಲಿಲ್ಲ. ಪೂರ್ವಾಗ್ರಹ ಇದ್ದದ್ದು ಗೂಲ್ಡ್ ಅವರಲ್ಲೇ ಎಂದು ಆ ತಂಡ ಬರೆಯಿತು. ದೊಡ್ಡ ಸುದ್ದಿಯಾಯಿತು. ಜನಾಂಗಕ್ಕೂ ಬುದ್ಧಿಗೂ ಗಂಟು ಹಾಕಲು ಹೊರಟವರು ಇದನ್ನೇ ಹಿಡಿದುಕೊಂಡು 'ನೋಡಿ, ಇಡೀ ಪುಸ್ತಕವೇ ಸುಳ್ಳು' ಎನ್ನಲು ಶುರು ಮಾಡಿದರು. ಈಗಲೂ ಅನ್ನುತ್ತಿದ್ದಾರೆ.

ಕಥೆ ಅಲ್ಲಿಗೇ ಮುಗಿಯಲಿಲ್ಲ. 2014ರಲ್ಲಿ ತತ್ವಶಾಸ್ತ್ರಜ್ಞ ಮೈಕೆಲ್ ವೈಸ್‌ಬರ್ಗ್ ಗೂಲ್ಡ್ ಪರ ನಿಂತರು. ಗುಂಡಿನ ಅಳತೆ ಸರಿ ಇತ್ತು ಎಂದು ಗೂಲ್ಡ್ ಅವರೇ ಒಪ್ಪಿದ್ದರು, ಅವರ ತಕರಾರು ಇದ್ದದ್ದು ಬೀಜದ ಅಳತೆಯ ಬಗ್ಗೆ, ಅದಕ್ಕೆ ಹೊಸ ಅಳತೆ ಉತ್ತರ ಕೊಡುವುದಿಲ್ಲ ಎಂದರು. ಮತ್ತೆ ಕೆಲವರು ಬೇರೆ ಕಡೆಯಿಂದ ಬಂದರು. ಎಲ್ಲಿಂದಲೋ ಹೇಗೋ ಕೂಡಿ ಹಾಕಿದ ಬುರುಡೆಗಳ ಸರಾಸರಿಗೆ ಅರ್ಥವೇ ಇಲ್ಲ, ಮಾರ್ಟನ್ ಸರಾಸರಿಯೂ ಬೇಡ, ಗೂಲ್ಡ್ ತಿದ್ದಿದ ಸರಾಸರಿಯೂ ಬೇಡ ಎಂದರು. ಸರಾಸರಿಯನ್ನು ನಂಬಬೇಡಿ ಎಂದು ಜೀವನವಿಡೀ ಹೇಳಿದ ಗೂಲ್ಡ್‌ಗೆ ಈ ಟೀಕೆ ಎಲ್ಲಕ್ಕಿಂತ ಆಳವಾಗಿ ನಾಟಬೇಕಾದದ್ದು.

2018ರಲ್ಲಿ ಪಾಲ್ ವುಲ್ಫ್ ಮಿಚೆಲ್ ಮಾರ್ಟನ್ ಅವರ ಕೈಬರಹದ ಟಿಪ್ಪಣಿಗಳನ್ನು ಹುಡುಕಿ ತೆಗೆದರು. ಗೂಲ್ಡ್ ಊಹಿಸಿದಂಥ ಪಕ್ಷಪಾತ ಅಳತೆಯಲ್ಲಿ ಕಾಣಲಿಲ್ಲ. ಆದರೆ ಮಾರ್ಟನ್ ಕಾಲದಲ್ಲೇ ಜರ್ಮನಿಯ ಫ್ರೆಡರಿಕ್ ಟೀಡೆಮಾನ್ ಎಂಬ ವೈದ್ಯ ಇಂಥದ್ದೇ ಅಳತೆಗಳನ್ನು ಮಾಡಿ, ಎಲ್ಲ ಜನಾಂಗಗಳ ಗಾತ್ರವೂ ಒಂದರೊಳಗೊಂದು ಬೆರೆತಿವೆ, ಹಾಗಾಗಿ ಗುಲಾಮಗಿರಿಗೆ ಆಧಾರವಿಲ್ಲ ಎಂದಿದ್ದರು. ಅಳತೆಗಳು ಹೆಚ್ಚುಕಡಿಮೆ ಒಂದೇ ಬಗೆಯವು, ತೀರ್ಮಾನ ಮಾತ್ರ ಎದುರುಬದುರು. ಟೀಡೆಮಾನ್ ನೋಡಿದ್ದು ಹರವನ್ನು, ಮಾರ್ಟನ್ ನೋಡಿದ್ದು ಸರಾಸರಿಯನ್ನು. ಅಂದರೆ ಪೂರ್ವಾಗ್ರಹ ಇತ್ತು, ಅದು ಬೆರಳಿನಲ್ಲಿ ಇರಲಿಲ್ಲ, ಅಂಕಿಗಳನ್ನು ಅರ್ಥ ಮಾಡಿಕೊಂಡ ರೀತಿಯಲ್ಲಿತ್ತು. ಗೂಲ್ಡ್ ಅವರ ಉದಾಹರಣೆ ಬಿತ್ತು, ಅವರ ಮೂಲ ಮಾತು ನಿಂತಿತು.

ಇದರ ಜೊತೆ ನೆನಪಿಡಬೇಕಾದ್ದು, ಮಾರ್ಟನ್ ಕಥೆ ಆ ಪುಸ್ತಕದ ಸಣ್ಣ ಭಾಗ. ಮೊದಲ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಸೇನೆ ಸುಮಾರು 17.5 ಲಕ್ಷ ಜನರಿಗೆ ಬುದ್ಧಿ ಪರೀಕ್ಷೆ ಮಾಡಿದ ಅಧ್ಯಾಯ ಓದಿ ನೋಡಿ. ಓದು ಬಾರದವರಿಗೆ ಚಿತ್ರ ಕೊಟ್ಟು 'ಏನು ಬಿಟ್ಟುಹೋಗಿದೆ' ಎಂದು ಕೇಳುತ್ತಿದ್ದರು. ಬಲೆ ಇಲ್ಲದ ಟೆನಿಸ್ ಅಂಗಳ, ತುತ್ತೂರಿ ಇಲ್ಲದ ಗ್ರಾಮಫೋನ್. ಹಳ್ಳಿಯಿಂದ ಹಡಗು ಹತ್ತಿ ಬಂದ ವಲಸಿಗ ಅದನ್ನು ಎಲ್ಲಿ ನೋಡಿರಬೇಕು? ಉತ್ತರ ಗೊತ್ತಿಲ್ಲದವನನ್ನು ದಡ್ಡ ಎಂದು ಬರೆದುಕೊಂಡರು. ಈ ಅಧ್ಯಾಯದ ಬಲ ಇವತ್ತಿಗೂ ಹಾಗೇ ಇದೆ.

ಬುರುಡೆಗಳ ಪ್ರಶ್ನೆಯಂತೂ ಹಳೆಯದಾಗಿಲ್ಲ. ಮಾರ್ಟನ್ ಸಂಗ್ರಹ ಇದ್ದದ್ದು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಮ್ಯೂಸಿಯಂನಲ್ಲಿ. 2021ರಲ್ಲಿ ಮ್ಯೂಸಿಯಂ ಸಾರ್ವಜನಿಕವಾಗಿ ಕ್ಷಮೆ ಕೇಳಿತು. 2024ರ ಆರಂಭದಲ್ಲಿ ಅದರಲ್ಲಿದ್ದ 19 ಮಂದಿ ಕಪ್ಪು ಜನರ ಅವಶೇಷಗಳನ್ನು ಸ್ಮಶಾನದ ಗೋರಿಯಲ್ಲಿ ಇರಿಸಲಾಯಿತು. ಗೂಲ್ಡ್, ಲೂಯಿಸ್ ಇಬ್ಬರ ಜಗಳವೂ ಅಳತೆ ಸರಿಯೋ ತಪ್ಪೋ ಎಂಬುದರ ಸುತ್ತ ನಡೆದಿತ್ತು. ಈ ಬುರುಡೆಗಳನ್ನು ಯಾರ ಗೋರಿಯಿಂದ, ಯಾರ ಒಪ್ಪಿಗೆ ಇಲ್ಲದೆ ತಂದರು ಎಂಬ ಪ್ರಶ್ನೆ ಆಗ ಹಿಂದೆ ಉಳಿದಿತ್ತು. ಅದೇ ಈಗ ಮುಂದೆ ಬಂದಿದೆ.

'ವಂಡರ್‌ಫುಲ್ ಲೈಫ್' ಕಥೆ ಬೇರೆ ಥರ. 1989ರ ಈ ಪುಸ್ತಕ ಕೆನಡಾದ ಬರ್ಜೆಸ್ ಶೇಲ್ ಎಂಬ ಕಲ್ಲಿನ ಪದರದ ಬಗ್ಗೆ. 1909ರಲ್ಲಿ ಚಾರ್ಲ್ಸ್ ವಾಲ್ಕಾಟ್ ಅಲ್ಲಿ 50 ಕೋಟಿ ವರ್ಷಕ್ಕೂ ಹಳೆಯದಾದ, ಮೆದು ದೇಹದ ಪ್ರಾಣಿಗಳ ಅಚ್ಚುಗಳನ್ನು ಕಂಡರು. ಅವನ್ನು ಮತ್ತೆ ಬಿಡಿಸಿ ನೋಡಿದ್ದು ಕೇಂಬ್ರಿಡ್ಜ್‌ನ ಹ್ಯಾರಿ ವಿಟ್ಟಿಂಗ್ಟನ್ ಮತ್ತು ಅವರ ವಿದ್ಯಾರ್ಥಿಗಳು. ಐದು ಕಣ್ಣಿನ ಒಪಾಬಿನಿಯಾ, ಮುಳ್ಳುಗಳ ಮೇಲೆ ನಡೆಯುವಂತೆ ಕಂಡ ಹಲುಸಿಜೀನಿಯಾ. ಕಲ್ಲು ಕೆರೆದದ್ದು ಅವರು, ಅರ್ಥ ಹೇಳಿದ್ದು ಗೂಲ್ಡ್. ಇವೆಲ್ಲ ಇವತ್ತಿನ ಯಾವ ಗುಂಪಿಗೂ ಸೇರದ ಪ್ರಾಣಿಗಳು, ಉಳಿದದ್ದು ಅದೃಷ್ಟ ಇದ್ದವು, ಕಾಲದ ಟೇಪನ್ನು ಹಿಂದಕ್ಕೆ ಸುತ್ತಿ ಮತ್ತೆ ಓಡಿಸಿದರೆ ಮನುಷ್ಯ ಬರುತ್ತಾನೆ ಎಂಬ ಖಾತ್ರಿ ಇಲ್ಲ ಎಂದರು.

ಎರಡೇ ವರ್ಷದಲ್ಲಿ, 1991ರಲ್ಲಿ, ಚೀನಾದ ಪಳೆಯುಳಿಕೆಗಳ ಆಧಾರದ ಮೇಲೆ ಹಲುಸಿಜೀನಿಯಾವನ್ನು ತಲೆಕೆಳಗಾಗಿ ನಿಲ್ಲಿಸಿದ್ದರು ಎಂದು ತಿಳಿಯಿತು. ಮುಳ್ಳು ಇದ್ದದ್ದು ಬೆನ್ನಿನ ಮೇಲೆ. ಅದು ಇವತ್ತಿನ ವೆಲ್ವೆಟ್ ಹುಳುಗಳ ದೂರದ ನೆಂಟ. ಉಳಿದ ಹಲವು ವಿಚಿತ್ರ ಪ್ರಾಣಿಗಳಿಗೂ ಒಂದೊಂದಾಗಿ ನೆಂಟರು ಸಿಕ್ಕಿದರು. ಗೂಲ್ಡ್ ಪುಸ್ತಕದಲ್ಲಿ ನಾಯಕರಂತೆ ಬರುವ ಸೈಮನ್ ಕಾನ್ವೇ ಮಾರಿಸ್ ಅವರೇ 1998ರಲ್ಲಿ ಎದುರು ಪುಸ್ತಕ ಬರೆದರು. ಟೇಪು ಎಷ್ಟು ಸಲ ಓಡಿಸಿದರೂ ಒಂದೇ ಥರದ ಪರಿಹಾರಗಳು ಮತ್ತೆ ಮತ್ತೆ ಬರುತ್ತವೆ ಎಂದರು.

ವಿವರಗಳು ಹೀಗೆ ಉದುರಿದರೂ ಟೇಪಿನ ಪ್ರಶ್ನೆ ಪ್ರಯೋಗಶಾಲೆಗೆ ಹೋಯಿತು. ರಿಚರ್ಡ್ ಲೆನ್ಸ್ಕಿ 1988ರಲ್ಲಿ ಶುರು ಮಾಡಿದ ಪ್ರಯೋಗದಲ್ಲಿ ಇ. ಕೋಲೈ ಬ್ಯಾಕ್ಟೀರಿಯಾದ 12 ಗುಂಪುಗಳಿದ್ದವು. ಒಂದು ಗುಂಪು ಮಾತ್ರ 30,000ಕ್ಕೂ ಹೆಚ್ಚು ತಲೆಮಾರು ಕಳೆದ ಮೇಲೆ ಆಮ್ಲಜನಕ ಇರುವಾಗಲೂ ಸಿಟ್ರೇಟ್ ಎಂಬ ರಾಸಾಯನಿಕ ತಿನ್ನಲು ಕಲಿಯಿತು. ಹಿಂದಿನ ತಲೆಮಾರುಗಳ ಮಾದರಿಗಳನ್ನು ಫ್ರೀಜರ್‌ನಲ್ಲಿ ಇಟ್ಟಿದ್ದರು. ಅವನ್ನು ತೆಗೆದು ನಿಜಕ್ಕೂ ಟೇಪು ಹಿಂದಕ್ಕೆ ಸುತ್ತಿದರು. ಆ ಗುಂಪಿನಲ್ಲೂ ತಡವಾದ ತಲೆಮಾರುಗಳಿಂದ ಶುರು ಮಾಡಿದಾಗ ಮಾತ್ರ ಆ ಗುಣ ಮತ್ತೆ ಬಂತು. ಹಿಂದೆ ಏನು ನಡೆದಿತ್ತು ಎಂಬುದರ ಮೇಲೆ ಮುಂದಿನದು ನಿಂತಿತ್ತು. ಜನಪ್ರಿಯ ಪುಸ್ತಕವೊಂದು ಎತ್ತಿದ ಪ್ರಶ್ನೆ ಹೀಗೆ ಪ್ರಯೋಗವಾಗುವುದು ಅಪರೂಪ.

ಧರ್ಮದ ಬಗ್ಗೆ ಬರೆದ 1999ರ 'ರಾಕ್ಸ್ ಆಫ್ ಏಜಸ್' ನನಗೆ ಅಷ್ಟು ಹಿಡಿಸುವುದಿಲ್ಲ. ವಿಜ್ಞಾನಕ್ಕೆ ವಾಸ್ತವದ ಕ್ಷೇತ್ರ, ಧರ್ಮಕ್ಕೆ ಮೌಲ್ಯದ ಕ್ಷೇತ್ರ, ಎರಡಕ್ಕೂ ಬೇಲಿ ಹಾಕಿದರೆ ಜಗಳವಿಲ್ಲ ಎನ್ನುತ್ತಾರೆ. 1981ರಲ್ಲಿ ಅರ್ಕಾನ್ಸಾ ರಾಜ್ಯದ ಶಾಲೆಗಳಲ್ಲಿ ಸೃಷ್ಟಿವಾದ ಕಲಿಸುವ ಕಾನೂನಿನ ವಿರುದ್ಧ ಕೋರ್ಟಿನಲ್ಲಿ ಸಾಕ್ಷಿ ಹೇಳಿದವರು ಅವರು. ಬೇಲಿ ಎಷ್ಟು ಸುಲಭವಾಗಿ ಮುರಿಯುತ್ತದೆ ಎಂದು ಅವರಿಗೇ ಚೆನ್ನಾಗಿ ಗೊತ್ತಿತ್ತು.

ಒಂದೇ ಹೆಸರಿನ ಹಿಂದೆ ಇದ್ದ ಬೇರೆ ಹೆಸರುಗಳನ್ನೂ ಹೇಳಬೇಕು. ಜೀವಿಗಳು ಬಹುಕಾಲ ಬದಲಾಗದೆ ನಿಂತು, ಆಮೇಲೆ ಭೂಮಿಯ ಲೆಕ್ಕದಲ್ಲಿ ಥಟ್ಟನೆ ಬದಲಾಗುತ್ತವೆ ಎಂಬ 1972ರ ಸಿದ್ಧಾಂತ ಗೂಲ್ಡ್ ಹೆಸರಿನಲ್ಲಿ ಪ್ರಸಿದ್ಧ. ಆದರೆ ಅದು ನೈಲ್ಸ್ ಎಲ್ಡ್ರೆಜ್ ಜೊತೆ ಬರೆದದ್ದು, ಅದರ ಬೀಜ ಎಲ್ಡ್ರೆಜ್ ಒಬ್ಬರೇ 1971ರಲ್ಲಿ ಬರೆದ ಲೇಖನದಲ್ಲಿತ್ತು. ಫೋಟೊಗ್ರಾಫರ್ ರೋಸಮಂಡ್ ಪರ್ಸೆಲ್ ಜೊತೆ ಮಾಡಿದ ಮೂರು ಪುಸ್ತಕಗಳಲ್ಲಿ ಮ್ಯೂಸಿಯಂ ವಸ್ತುಗಳ ಚಿತ್ರಗಳಿಗೂ ಬರಹದಷ್ಟೇ ತೂಕ ಇದೆ. ಅವನ್ನು ಸುಮ್ನೆ ಗೂಲ್ಡ್ ಪುಸ್ತಕ ಎಂದು ಕರೆದರೆ ಪರ್ಸೆಲ್‌ಗೆ ಅನ್ಯಾಯ.

ಜೀವವಿಜ್ಞಾನಿಗಳಿಗೆ ಗೂಲ್ಡ್ ಮೇಲೆ ಇದ್ದ ಸಿಟ್ಟಿಗೂ ಕಾರಣ ಈ ಹೆಸರೇ. ಜಾನ್ ಮೇನಾರ್ಡ್ ಸ್ಮಿತ್ 1995ರಲ್ಲಿ ಬಿಚ್ಚಿ ಬರೆದರು. ಪ್ರಬಂಧಗಳು ಅಷ್ಟು ಚೆನ್ನಾಗಿರುವುದರಿಂದ ಹೊರಗಿನವರು ಗೂಲ್ಡ್ ಅವರನ್ನೇ ವಿಕಾಸವಾದದ ಮುಖ್ಯ ಚಿಂತಕ ಎಂದುಕೊಂಡಿದ್ದಾರೆ, ಒಳಗಿನವರ ಅಭಿಪ್ರಾಯ ಹಾಗಿಲ್ಲ ಎಂಬುದು ಅವರ ದೂರಿನ ತಿರುಳು. ದೂರು ಕಟುವಾದರೂ ಅದರಲ್ಲಿ ಹುರುಳಿದೆ. ತಮ್ಮ ಸಿದ್ಧಾಂತವನ್ನು ಪೂರ್ತಿಯಾಗಿ ಸಹೋದ್ಯೋಗಿಗಳ ಮುಂದೆ ಇಡಲು ಗೂಲ್ಡ್ 1,400 ಪುಟ ಮೀರಿದ 'ದಿ ಸ್ಟ್ರಕ್ಚರ್ ಆಫ್ ಎವಲ್ಯೂಷನರಿ ಥಿಯರಿ' ಬರೆದರು. ಅದು ಬಂದದ್ದು 2002ರಲ್ಲಿ, ಸಾಯುವ ಕೆಲವೇ ವಾರಗಳ ಮುಂಚೆ. ಆ ವಾದ ಮಾಡಲು ಅವರಿಗೆ ಆಯಸ್ಸು ಉಳಿದಿರಲಿಲ್ಲ.

ಕನ್ನಡದಲ್ಲಿ ಇಂಥ ಹರವು ನೆನಪಿಗೆ ತರುವವರು ಬಿ.ಜಿ.ಎಲ್. ಸ್ವಾಮಿ. ಅವರೂ ಹಾರ್ವರ್ಡ್‌ನಲ್ಲಿ ಪ್ರೊಫೆಸರ್ ಬೈಲಿ ಬಳಿ ಸಂಶೋಧನೆ ಮಾಡಿದ ಸಸ್ಯವಿಜ್ಞಾನಿ, ಗೂಲ್ಡ್ ಅಲ್ಲಿಗೆ ಬರುವ ಎಷ್ಟೋ ವರ್ಷ ಮುಂಚೆ. ಅಂಗರಚನೆಯ ಸಂಶೋಧನೆ ಒಂದು ಕಡೆ, 'ಹಸುರು ಹೊನ್ನು' ಇನ್ನೊಂದು ಕಡೆ, ಕಾಲೇಜಿನ ಕಥೆಗಳು, ತಮಿಳು ಇತಿಹಾಸದ ತಕರಾರು ಮತ್ತೊಂದು ಕಡೆ. ಗಿಡದ ಬಗ್ಗೆ ಸ್ವಾಮಿ ಹೇಳಿದ್ದನ್ನು ನಂಬುವ ರೀತಿಯಲ್ಲೇ ಇತಿಹಾಸದ ಬಗ್ಗೆ ಹೇಳಿದ್ದನ್ನೂ ನಂಬಬೇಕೇ ಎಂಬ ಪ್ರಶ್ನೆ ನಮ್ಮಲ್ಲೂ ಕೇಳಬೇಕಾದದ್ದೇ.

ಪುಸ್ತಕ ತಿದ್ದುವ ಮಾದರಿ ಇಲ್ಲವೇ ಇಲ್ಲ ಎಂದಲ್ಲ. ಗೂಲ್ಡ್ ಜೊತೆ ದಶಕಗಟ್ಟಲೆ ಜಗಳವಾಡಿದ ರಿಚರ್ಡ್ ಡಾಕಿನ್ಸ್ ತಮ್ಮ 'ದಿ ಸೆಲ್ಫಿಶ್ ಜೀನ್'ನ 1989ರ ಆವೃತ್ತಿಯಲ್ಲಿ ಮೂಲ ಪಠ್ಯವನ್ನು ಹಾಗೇ ಬಿಟ್ಟು, ಎಲ್ಲಿ ತಪ್ಪಿದೆ, ಎಲ್ಲಿ ಹೊಸದು ಬಂದಿದೆ ಎಂದು ಕೊನೆಯಲ್ಲಿ ಉದ್ದದ ಟಿಪ್ಪಣಿ ಸೇರಿಸಿದರು. ಗೂಲ್ಡ್ ಕೂಡ 'ಮಿಸ್‌ಮೆಷರ್'ಅನ್ನು 1996ರಲ್ಲಿ ಪರಿಷ್ಕರಿಸಿದ್ದರು. ಈಗ ಅವರಿಲ್ಲ, ಆ ಕೆಲಸ ಪ್ರಕಾಶಕರದ್ದು. ತಿಳಿದವರೊಬ್ಬರಿಂದ ಹತ್ತು ಪುಟದ ಮುನ್ನುಡಿ ಬರೆಸಿದರೆ ಸಾಕು. ಬರೆಸದಿದ್ದರೆ ಅರ್ಧ ಸತ್ಯವನ್ನು ಹಿಡಿದುಕೊಂಡು ಇಡೀ ಪುಸ್ತಕವನ್ನು ತಳ್ಳಿಹಾಕುವವರಿಗೆ ದಾರಿ ಸಲೀಸಾಗುತ್ತದೆ.

ಅಲ್ಲಿಯವರೆಗೆ ಹೊಸದಾಗಿ ಗೂಲ್ಡ್ ಓದುವವರು 'ಪಾಂಡಾಸ್ ಥಂಬ್'ನಿಂದ ಶುರು ಮಾಡಿ 'ಫುಲ್ ಹೌಸ್'ಗೆ ಬರುವುದು ಒಳ್ಳೆಯದು. 'ವಂಡರ್‌ಫುಲ್ ಲೈಫ್' ಓದುವಾಗ ಪ್ರಾಣಿಗಳ ಚಿತ್ರಗಳನ್ನು ಇವತ್ತಿನ ಚಿತ್ರಗಳ ಜೊತೆ ಇಟ್ಟು ನೋಡಿ. 'ಮಿಸ್‌ಮೆಷರ್'ನ ಮಾರ್ಟನ್ ಭಾಗ ಮುಗಿಸಿದ ಮೇಲೆ 2011ರ ಲೂಯಿಸ್ ತಂಡದ ಲೇಖನ, 2018ರ ಮಿಚೆಲ್ ಲೇಖನ ಎರಡನ್ನೂ ಓದಿ. ಎರಡೂ 'ಪಿಎಲ್‌ಒಎಸ್ ಬಯಾಲಜಿ' ಪತ್ರಿಕೆಯ ಜಾಲತಾಣದಲ್ಲಿ ದುಡ್ಡು ಕೊಡದೆ ಸಿಗುತ್ತವೆ.